ಮುನ್ಸೂಚನೆ ಮತ್ತು ಕೇಳುವ ಕಿವಿ

ನಂಜನಗೂಡಿನಲ್ಲಿ ಒಂದು ಹನಿಯೂ ಬೀಳದ ದಿನ ಕಪಿಲೆ ಉಕ್ಕಿ ಬರುವುದುಂಟು. ನೆತ್ತಿಯ ಮೇಲೆ ತಿಳಿಯಾದ ಆಕಾಶ, ಕಾಲ ಬುಡದಲ್ಲಿ ಕೆನ್ನೀರು. ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ಮರೆಯಾಗುತ್ತವೆ. ಹದಿನಾರು ಕಾಲು ಮಂಟಪದಲ್ಲಿ ನೀರು ಎಲ್ಲಿಯವರೆಗೆ ಏರಿದೆಯೆಂದು ನೋಡಿ ಊರಿನವರು ಪ್ರವಾಹವನ್ನು ಅಳೆಯುತ್ತಾರೆ. ಮಳೆ ಬಿದ್ದಿರುವುದು ಘಟ್ಟದ ಮೇಲಣ ವಯನಾಡಿನಲ್ಲಿ. ಅಲ್ಲಿನ ಪೂರ್ವದ ಇಳಿಜಾರುಗಳ ನೀರು ಕಬಿನಿಯಾಗಿ ಹರಿದು, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಜಲಾಶಯವನ್ನು ತುಂಬಿ, ಅಲ್ಲಿಂದ ಹೊರಬಿದ್ದು ನಂಜನಗೂಡನ್ನು ಮುಟ್ಟುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಈ ನೀರು ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯನ್ನೇರಿ, ಮೈಸೂರಿಗೂ ನಂಜನಗೂಡಿಗೂ ನಡುವಣ ಸಂಚಾರವನ್ನು ತಡೆದು ನಿಲ್ಲಿಸಿತು. ತನ್ನ ತಲೆಯ ಮೇಲಿನ ಮೋಡವನ್ನಷ್ಟೇ ನೋಡಿ ಮುಂದಿನದನ್ನು ಊಹಿಸುವವನಿಗೆ ಇಂಥ ನೀರಿನ ಸುಳಿವು ಸಿಕ್ಕುವುದಿಲ್ಲ. ಅಪಾಯ ಎಲ್ಲಿಯೋ ಹುಟ್ಟಿ ನಮ್ಮ ಬಾಗಿಲಿಗೆ ಬರುತ್ತದೆ; ಅದು ಹುಟ್ಟಿದ ಸುದ್ದಿ ಅದಕ್ಕಿಂತ ಮೊದಲು ಬಂದು ತಲಪಿದರೆ ಮಾತ್ರ ನಾವು ಬದುಕಿದೆವು.

ಈ ‘ಎಲ್ಲಿಯೋ’ ಎಂಬುದು ಈಗ ಬಹಳ ದೂರ ಹೋಗಿದೆ. ಘಟ್ಟವನ್ನು ದಾಟಿ, ಸಮುದ್ರವನ್ನು ದಾಟಿ, ಹದಿನೈದು ಕೋಟಿ ಕಿಲೋಮೀಟರು ಆಚೆಯ ಸೂರ್ಯನವರೆಗೂ ಅದು ವಿಸ್ತರಿಸಿದೆ. 2024ನೆಯ ಇಸವಿ ಇದನ್ನು ನಮಗೆ ಎರಡು ಬಗೆಯಲ್ಲಿ ಕಲಿಸಿತು. ಆ ವರ್ಷದ ಮೇ ತಿಂಗಳಲ್ಲಿ ಸೂರ್ಯನಿಂದ ಹೊರಟ ಬಿರುಗಾಳಿಯೊಂದು ಭೂಮಿಗೆ ಅಪ್ಪಳಿಸಿತು. ಜುಲೈ ಕೊನೆಯಲ್ಲಿ ವಯನಾಡಿನ ಬೆಟ್ಟವೊಂದು ಮಳೆಗೆ ಕುಸಿದು ಮಲಗಿದ್ದ ಊರುಗಳ ಮೇಲೆ ಉರುಳಿತು. ಎರಡಕ್ಕೂ ಮುನ್ಸೂಚನೆಯಿತ್ತು. ಒಂದು ಸುಖವಾಗಿ ಕಳೆಯಿತು, ಇನ್ನೊಂದು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. ಈ ಅಂತರಕ್ಕೆ ಕಾರಣವೇನು? ವಿಜ್ಞಾನ ಒಂದು ಕಡೆ ಬಲವಾಗಿ ಇನ್ನೊಂದು ಕಡೆ ದುರ್ಬಲವಾಗಿತ್ತೆಂದು ಹೇಳಿ ಮುಗಿಸಿಬಿಡುವಂತಿಲ್ಲ. ಹೇಳುವವನಿಗೂ ಕೇಳುವವನಿಗೂ ನಡುವೆ ಇದ್ದ ಭಾಷೆಯಲ್ಲಿಯೂ ಕಾರಣದ ಒಂದು ಪಾಲನ್ನು ಹುಡುಕಬೇಕೆಂದು ನನಗೆ ತೋರುತ್ತದೆ. ಕನ್ನಡ ಕಲಿಸುವವನೊಬ್ಬನು ಈ ವಿಷಯಕ್ಕೆ ಕೈಹಾಕಿರುವುದಕ್ಕೆ ಸಮಾಧಾನವೂ ಇಷ್ಟೆ.

ಮಳೆಯನ್ನು ಮುಂಚಿತವಾಗಿ ಅರಿಯುವ ಹಂಬಲ ನಮ್ಮ ನುಡಿಗೆ ಹೊಸದಲ್ಲ. ಸುಮಾರು 1300ರ ಹೊತ್ತಿಗೆ ರಟ್ಟಕವಿ ಎಂಬ ಜೈನ ಕವಿ ಮಳೆ, ಸಿಡಿಲು, ಭೂಕಂಪ, ಗ್ರಹಚಾರ, ಶಕುನಗಳನ್ನೇ ವಸ್ತುವಾಗಿ ಹಿಡಿದು ‘ರಟ್ಟಮತ’ವನ್ನು ರಚಿಸಿದನು, ಅದು ತೆಲುಗಿಗೂ ಹೋಯಿತು. ಗ್ರಂಥಕ್ಕಿಂತ ಬಲವಾಗಿ ಬಾಳಿದ್ದು ಜನರ ಬಾಯಲ್ಲಿದ್ದ ಮಳೆನಕ್ಷತ್ರಗಳ ಲೆಕ್ಕ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನಷ್ಟೆ. ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬ ಗಾದೆಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಅವುಗಳ ಹಿಂದಿರುವ ನೂರಾರು ವರ್ಷಗಳ ನೋಟವನ್ನು ಮರೆಯುತ್ತಾರೆ. ಆದರೆ ಈ ಲೆಕ್ಕ ಹೇಳುವುದು ಸಾಮಾನ್ಯವಾಗಿ ಯಾವ ಪಕ್ಷದಲ್ಲಿ ಎಂಥ ಮಳೆ ಎಂಬುದನ್ನು. ಈ ವರ್ಷ, ಈ ಬುಧವಾರ, ಈ ಊರಿನಲ್ಲಿ ಎಂಬುದನ್ನಲ್ಲ. ಅದು ಸರಾಸರಿಯ ನೆನಪು. ನೆನಪೂ ಕೂಡ ನಿಧಾನವಾಗಿ ಜರುಗುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ಮೆಲ್ಲನೆ ತಿರುಗುವುದರಿಂದ ನಕ್ಷತ್ರಕ್ಕೂ ಋತುವಿಗೂ ಇರುವ ನಂಟು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸಡಿಲುತ್ತದೆ. ರಟ್ಟಕವಿಯ ಕಾಲದ ರೋಹಿಣಿ ಮಳೆಗೂ ನಮ್ಮ ಕಾಲದ್ದಕ್ಕೂ ಹೀಗೆ ಹತ್ತು ದಿನದ ಅಂತರ ಬಿದ್ದಿದೆ. ಇದರ ಮೇಲೆ, ಬಿಸಿಯಾಗುತ್ತಿರುವ ಭೂಮಿಯ ಗಾಳಿ ಹಿಂದಿಗಿಂತ ಹೆಚ್ಚು ತೇವವನ್ನು ಹೊರುತ್ತಿದೆ. ಹೊತ್ತದ್ದನ್ನು ಒಮ್ಮೆಲೆ ಇಳಿಸುವುದೂ ಹೆಚ್ಚಾಗಿದೆ. ಸರಾಸರಿಯನ್ನು ಮೀರಿದ ಮಳೆಯ ಮುಂದೆ ಸರಾಸರಿಯ ನೆನಪು ಏನು ಮಾಡೀತು?

ಆ ಬುಧವಾರವನ್ನೇ ಹಿಡಿಯಹೊರಟದ್ದು ಹೊಸ ವಿಜ್ಞಾನ. ಇಂಗ್ಲೆಂಡಿನ ರಿಚರ್ಡ್‌ಸನ್ 1922ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಇಡೀ ಭೂಮಂಡಲದ ಗಾಳಿಯನ್ನು ಚೌಕಗಳಾಗಿ ಸೀಳಿ, 64,000 ಜನ ಲೆಕ್ಕಿಗರನ್ನು ಒಂದು ದೊಡ್ಡ ರಂಗಮಂದಿರದಲ್ಲಿ ಕೂರಿಸಿ, ನಾಳಿನ ಹವೆಯನ್ನು ಗುಣಿಸಿ ತೆಗೆಯುವ ಕನಸನ್ನು ವಿವರಿಸಿದನು. ಆ ಲೆಕ್ಕಿಗರ ಕೆಲಸವನ್ನು ಈಗ ಗಣಕಯಂತ್ರ ಮಾಡುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರೊದ್ದಂ ನರಸಿಂಹ ಮತ್ತು ಸಂಗಡಿಗರು 1980ರ ದಶಕದಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿ, ಹವೆಯ ಲೆಕ್ಕಕ್ಕೂ ಅದನ್ನು ಹೂಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳರು ಡಿ. ಆರ್. ಸಿಕ್ಕಾ ಅವರೊಡಗೂಡಿ 1980ರಲ್ಲಿ, ಮುಂಗಾರಿನ ಮೋಡದ ಪಟ್ಟೆಗಳು ಸಮುದ್ರದಿಂದ ಉತ್ತರಕ್ಕೆ ಅಲೆಅಲೆಯಾಗಿ ಸರಿಯುವುದನ್ನು ಉಪಗ್ರಹ ಚಿತ್ರಗಳಿಂದ ತೋರಿಸಿಕೊಟ್ಟರು. ಮುಂಗಾರು ಏಕೆ ಕೆಲವು ದಿನ ಸುರಿದು ಕೆಲವು ದಿನ ಬಿಡುವು ಕೊಡುತ್ತದೆಂಬುದು ಇದರಿಂದ ಎಷ್ಟೋ ತಿಳಿಯಾಯಿತು. 2025ರ ಮೇ ತಿಂಗಳಲ್ಲಿ ನಮ್ಮ ದೇಶ ಬಳಕೆಗೆ ತಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಎಂಬ ವ್ಯವಸ್ಥೆಯಲ್ಲಿ ಚೌಕದ ಅಗಲ ಆರು ಕಿಲೋಮೀಟರು. ಅದಕ್ಕೆ ಮುಂಚೆ ಹನ್ನೆರಡಿತ್ತು. ಬಲೆಯ ಕಣ್ಣು ಕಿರಿದಾದಷ್ಟೂ ಸಣ್ಣ ಮೀನು ಸಿಕ್ಕುತ್ತದೆ. ಆದರೆ ಕುಸಿಯುವ ಬೆಟ್ಟದ ಮಗ್ಗುಲು ಅರ್ಧ ಕಿಲೋಮೀಟರೂ ಇರಲಾರದು. ಆ ಮೀನು ಈ ಬಲೆಗೂ ಚಿಕ್ಕದೇ.

ಬಲೆ ಎಷ್ಟೇ ಸೂಕ್ಷ್ಮವಾದರೂ ತಪ್ಪದ ಇನ್ನೊಂದು ಮಿತಿಯುಂಟು. 1961ರಲ್ಲಿ ಅಮೆರಿಕದ ಲೊರೆಂಟ್ಸ್ ತನ್ನ ಗಣಕಕ್ಕೆ 0.506127 ಎಂದು ಕೊಡಬೇಕಾದಲ್ಲಿ 0.506 ಎಂದಷ್ಟೇ ಕೊಟ್ಟನು. ಮೊದಮೊದಲು ಉತ್ತರ ಹಳೆಯದರಂತೆಯೇ ನಡೆದು, ಸ್ವಲ್ಪ ದೂರ ಹೋದಮೇಲೆ ಸಂಬಂಧವೇ ಇಲ್ಲದ ಬೇರೊಂದು ಹವೆಯಾಯಿತು. ಇಂದಿನ ಗಾಳಿಯನ್ನು ಪೂರ್ತಿಯಾಗಿ ಅಳೆಯುವುದು ಯಾರಿಂದಲೂ ಆಗದು. ಆದ್ದರಿಂದ ಎರಡು ವಾರಗಳಾಚೆಯ ದಿನವನ್ನು ಹೆಸರಿಟ್ಟು ಹೇಳುವುದೂ ಆಗದು. ವಿಜ್ಞಾನಿಗಳು ಈ ಸೋಲನ್ನೇ ಉಪಾಯವಾಗಿ ಮಾಡಿಕೊಂಡರು. ಆರಂಭದ ಅಂಕಿಗಳನ್ನು ಅಷ್ಟಿಷ್ಟು ಬದಲಿಸಿ ಒಂದೇ ಲೆಕ್ಕವನ್ನು ಐವತ್ತು ಸಲ ಮಾಡುತ್ತಾರೆ. ಅದರಲ್ಲಿ ಮೂವತ್ತೈದು ಸಲ ಮಳೆ ಬಂದರೆ ಸಂಭವ ನೂರಕ್ಕೆ ಎಪ್ಪತ್ತು ಎನ್ನುತ್ತಾರೆ. ಭವಿಷ್ಯ ನುಡಿಯುವವನಿಗೂ ಮುನ್ಸೂಚನೆ ಕೊಡುವವನಿಗೂ ಭೇದ ಇಲ್ಲಿದೆ. ಮೊದಲನೆಯವನು ತನ್ನ ಸಂದೇಹವನ್ನು ಬಚ್ಚಿಡುತ್ತಾನೆ. ಎರಡನೆಯವನು ಅದನ್ನು ಅಳೆದು ನಮ್ಮ ಕೈಗೇ ಕೊಡುತ್ತಾನೆ.

ಇನ್ನು ಸೂರ್ಯನ ಬಿರುಗಾಳಿಯ ವಿಷಯ. ಸೂರ್ಯನ ಮೈಮೇಲಿನ ಕಲೆಗಳ ಬಳಿ ಕಾಂತಕ್ಷೇತ್ರವು ಹುರಿಗೊಂಡ ಹಗ್ಗದಂತೆ ಬಿಗಿದು ಒಮ್ಮೊಮ್ಮೆ ಕಳಚಿಕೊಳ್ಳುತ್ತದೆ. ಆಗ ಕೋಟ್ಯಂತರ ಟನ್ ವಿದ್ಯುತ್ಕಣಗಳು ತಮ್ಮ ಕಾಂತಕ್ಷೇತ್ರವನ್ನೂ ಹೊತ್ತು ಆಕಾಶಕ್ಕೆ ಎಸೆಯಲ್ಪಡುತ್ತವೆ. ಸ್ಫೋಟದ ಬೆಳಕು ನಮಗೆ ಎಂಟು ನಿಮಿಷಗಳಲ್ಲಿ ಕಾಣುತ್ತದೆ. ಕಣಗಳ ಮೋಡ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಮೊದಲು ಮಿಂಚು, ಆಮೇಲೆ ಮಳೆ ಎಂದಂತೆ. 1859ರ ಸೆಪ್ಟೆಂಬರಿನಲ್ಲಿ ಬಂದ ಅತ್ಯುಗ್ರ ಬಿರುಗಾಳಿ ಹದಿನೆಂಟು ಗಂಟೆಗಳೊಳಗೇ ತಲಪಿತು. ಯೂರೋಪು ಅಮೆರಿಕಗಳಲ್ಲಿ ತಂತಿಯಂತ್ರಗಳು ಕಿಡಿ ಕಾರಿದವು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಆಗ ಬರೆದಿಟ್ಟ ಕಾಂತಮಾಪನದ ಅಂಕಿಗಳು, ಆ ಘಟನೆಯ ಉಗ್ರತೆಯನ್ನು ಅಳೆಯಲು ಇಂದಿಗೂ ಜಗತ್ತಿನ ವಿಜ್ಞಾನಿಗಳಿಗೆ ಆಧಾರ. ಅಂದು ತಂತಿಯಂತ್ರವಲ್ಲದೆ ಕೆಡಲು ಹೆಚ್ಚೇನೂ ಇರಲಿಲ್ಲ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುಜ್ಜಾಲ ಒಂದೂವರೆ ನಿಮಿಷದಲ್ಲಿ ಕುಸಿದು ಅರವತ್ತು ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ಕತ್ತಲಲ್ಲಿದ್ದರು. 2022ರ ಫೆಬ್ರವರಿಯಲ್ಲಿ, ಅಷ್ಟೇನೂ ಪ್ರಬಲವಲ್ಲದ ಬಿರುಗಾಳಿಯೊಂದು ಮೇಲಿನ ಗಾಳಿಯನ್ನು ಉಬ್ಬಿಸಿದ್ದರಿಂದ, ಆಗತಾನೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕು ಬಿದ್ದು ಬೂದಿಯಾದವು. ನಾಗರಿಕತೆ ಬೆಳೆದಂತೆಲ್ಲ ಬಿರುಗಾಳಿಗೆ ತಗಲುವ ಕೊಂಬೆಗಳೂ ಬೆಳೆದಿವೆ.

ಈ ಶಾಸ್ತ್ರದಲ್ಲಿ ನಮ್ಮ ನಾಡಿನ ಪಾಲು ಸಣ್ಣದಲ್ಲ. ಬೆಂಗಳೂರಿನಲ್ಲಿ ನೆಲೆಯಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯ ನೂರಿಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಸೂರ್ಯನ ಚಿತ್ರವನ್ನು ತೆಗೆದಿಡುತ್ತ ಬಂದಿದೆ. ಅದೇ ಸಂಸ್ಥೆ ಹೊಸಕೋಟೆಯಲ್ಲಿ ಕಟ್ಟಿದ ಕಿರೀಟದರ್ಶಕವನ್ನು ಹೊತ್ತ ‘ಆದಿತ್ಯ-ಎಲ್1’ 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು ತನ್ನ ನೆಲೆ ಸೇರಿತು. ಆ ನೆಲೆ ಭೂಮಿಯಿಂದ ಸೂರ್ಯನ ದಿಕ್ಕಿಗೆ ಹದಿನೈದು ಲಕ್ಷ ಕಿಲೋಮೀಟರು ದೂರದಲ್ಲಿದೆ. ಅದನ್ನು ಊರಾಚೆಯ ಕಾವಲುಗೋಪುರವೆನ್ನಬಹುದು. ಬರುವ ಕಣಗಳ ಮೋಡ ಭೂಮಿಯನ್ನು ಎಷ್ಟು ಕಾಡುತ್ತದೆಂಬುದು, ಅದರ ಕಾಂತಕ್ಷೇತ್ರ ಉತ್ತರಕ್ಕೆ ಮುಖ ಮಾಡಿದೆಯೋ ದಕ್ಷಿಣಕ್ಕೋ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ದಕ್ಷಿಣಕ್ಕಿದ್ದರೆ ಭೂಮಿಯ ಕಾಂತಕವಚದ ಬಾಗಿಲು ತೆರೆದಂತೆ. ಈ ಮುಖವನ್ನು ನಂಬಿಕೆಯಿಂದ ಅಳೆಯಲು ಸಾಧ್ಯವಾಗುವುದು ಮೋಡ ಈ ಕಾವಲುಗೋಪುರವನ್ನು ಹಾದುಹೋಗುವಾಗಲೇ. ಆಗ ನಮಗೆ ಉಳಿದಿರುವ ಕಾಲ ಹದಿನೈದು ನಿಮಿಷದಿಂದ ಒಂದು ಗಂಟೆ. ಬಿರುಗಾಳಿ ಬರುತ್ತದೆಂದು ಎರಡು ದಿನ ಮೊದಲು ಗೊತ್ತು. ಅದರ ಏಟು ಎಷ್ಟೆಂಬುದು ಬಾಗಿಲ ಬಳಿ ಬಂದಮೇಲೆಯೇ ಗೊತ್ತು.

2024ರ ಮೇ 9ರಂದು ಅಮೆರಿಕದ ಮುನ್ಸೂಚನಾ ಕೇಂದ್ರ 2005ರ ಈಚೆಗೆ ಕೊಡದಿದ್ದಷ್ಟು ತೀವ್ರದ ಎಚ್ಚರಿಕೆಯನ್ನು ಕೊಟ್ಟಿತು. ಮರುದಿನ ಬಂದ ಬಿರುಗಾಳಿ ಅದನ್ನೂ ಮೀರಿ, 2003ರ ಅನಂತರ ಕಾಣದ ಮಟ್ಟ ಮುಟ್ಟಿತು. ಲಡಾಖಿನ ಹಾನ್ಲೆಯ ರಾತ್ರಿಯಾಕಾಶ ಕೆಂಪಗೆ ಹೊಳೆಯಿತು. ಅಮೆರಿಕದ ಮುಸುಕಿನ ಜೋಳದ ಸೀಮೆಯಲ್ಲಿ ಉಪಗ್ರಹದ ಸಂಕೇತ ಹಿಡಿದು ಬಿತ್ತುವ ಟ್ರಾಕ್ಟರುಗಳು ದಾರಿ ತಪ್ಪಿ, ರೈತರು ಬಿತ್ತನೆ ನಿಲ್ಲಿಸಬೇಕಾಯಿತು. ನಮ್ಮ ನೆರೆಯ ಹಾಸನದಲ್ಲಿರುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಅಲ್ಲಿನವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತು, ಇನ್ಸಾಟ್-3ಡಿಆರ್, ಇನ್ಸಾಟ್-3ಡಿಎಸ್ ಉಪಗ್ರಹಗಳಲ್ಲಿ ನಕ್ಷತ್ರಗಳನ್ನು ನೋಡಿ ದಿಕ್ಕು ತಿಳಿಯುವ ಉಪಕರಣಗಳಲ್ಲೊಂದನ್ನು ಮುನ್ನೆಚ್ಚರಿಕೆಯಾಗಿ ನಿಲ್ಲಿಸಿಟ್ಟರು. ದೊಡ್ಡ ಹಾನಿಯೇನೂ ಆಗಲಿಲ್ಲ. ಈ ಎರಡು ಉಪಗ್ರಹಗಳ ಕೆಲಸವೇನೆಂಬುದನ್ನು ವಾಚಕರು ಗಮನಿಸಬೇಕು: ನಮ್ಮ ಮುಂಗಾರಿನ ಮೋಡಗಳ ಚಿತ್ರ ಕಳಿಸುವುದು. ಸೂರ್ಯನ ಬಿರುಗಾಳಿಯನ್ನು ಅರಿಯದಿದ್ದರೆ ಮಳೆಯನ್ನು ನೋಡುವ ಕಣ್ಣಿಗೂ ಕುತ್ತು. ಎರಡು ಶಾಸ್ತ್ರಗಳೂ ಒಂದೇ ಸರಪಳಿಯ ಕೊಂಡಿಗಳು.

ಮೇ ತಿಂಗಳ ಎಚ್ಚರಿಕೆ ಸಫಲವಾದದ್ದೇಕೆ? ಅದನ್ನು ಕೇಳಿಸಿಕೊಂಡವರು ಕೆಲವೇ ಜನ. ಹೇಳುವವರಿಗೂ ಅವರಿಗೂ ಒಂದೇ ಪರಿಭಾಷೆ. ಯಾವ ಮಟ್ಟದ ಎಚ್ಚರಿಕೆ ಬಂದರೆ ಯಾವ ಗುಂಡಿ ಒತ್ತಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ಉಪಕರಣವನ್ನು ನಿಲ್ಲಿಸಿದ ಮೇಲೆ ಬಿರುಗಾಳಿ ಬರದೆ ಹೋಗಿದ್ದರೂ ಯಾರೂ ಅವರನ್ನು ನಗುತ್ತಿರಲಿಲ್ಲ. ಬೆಟ್ಟದ ಬುಡದ ಊರಿಗೆ ಈ ಅನುಕೂಲಗಳಲ್ಲಿ ಒಂದೂ ಇಲ್ಲ. ಸಾವಿರಾರು ಮನೆಗಳು, ಮುದುಕರು, ಮಕ್ಕಳು, ದನಕರುಗಳು. ಹೊರಡುವುದೆಂದರೆ ತೋಟದ ಕೂಲಿ ತಪ್ಪಿತು, ಮನೆಗೆ ಕಾವಲಿಲ್ಲವಾಯಿತು. ಉಪಗ್ರಹದ ಗುಂಡಿಯಂತೆ ಊರನ್ನು ಒತ್ತಿ ನಿಲ್ಲಿಸುವಂತಿಲ್ಲ.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಇಳಿಯಿತು. ಆ ಮಗ್ಗುಲಿನ ನೀರು ಪಶ್ಚಿಮಕ್ಕೆ ಚಾಲಿಯಾರಿಗೆ ಹರಿಯುವುದರಿಂದ, ಮೃತದೇಹಗಳು ಎಷ್ಟೋ ದೂರದ ನಿಲಂಬೂರಿನ ಬಳಿ ಸಿಕ್ಕಿದವು. ಮರುದಿನ ಕೇಂದ್ರ ಗೃಹಸಚಿವರು, ಒಂದು ವಾರ ಮುಂಚಿನಿಂದಲೇ ಎಚ್ಚರಿಕೆ ಕೊಟ್ಟಿದ್ದೆವೆಂದು ಸಂಸತ್ತಿನಲ್ಲಿ ಹೇಳಿದರು. ಕೇರಳದ ಮುಖ್ಯಮಂತ್ರಿ ಅದನ್ನು ಒಪ್ಪಲಿಲ್ಲ: ಅವಘಡಕ್ಕೆ ಮುನ್ನ ಇದ್ದದ್ದು ಕಿತ್ತಳೆ ಬಣ್ಣದ ಎಚ್ಚರಿಕೆ, ಕೆಂಪು ಬಣ್ಣದ್ದು ಬಂದದ್ದು ಬೆಳಗ್ಗೆ, ಎಲ್ಲ ಮುಗಿದಮೇಲೆ; 115ರಿಂದ 204 ಮಿಲಿಮೀಟರು ಎಂದಿದ್ದ ಮಳೆ 48 ಗಂಟೆಗಳಲ್ಲಿ 572 ಮಿಲಿಮೀಟರು ಬಿತ್ತೆಂದರು. ಯಾರ ಮಾತು ಸರಿಯೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಇಬ್ಬರು ಹಿರಿಯರ ವಾದವೂ ಬಣ್ಣದ ಹೆಸರಿನ ಮೇಲೆ ನಿಂತದ್ದನ್ನು ನೋಡಿ ನನಗೆ ಒಂದು ಸಂದೇಹ ಹುಟ್ಟಿತು. ಕಿತ್ತಳೆ ಎಂದರೆ ‘ಸಿದ್ಧರಾಗಿರಿ’, ಕೆಂಪು ಎಂದರೆ ‘ಕಾರ್ಯಕ್ಕೆ ಇಳಿಯಿರಿ’ ಎಂಬ ಅರ್ಥ ಹವಾಮಾನ ಇಲಾಖೆಯ ನಿಘಂಟಿನಲ್ಲಿದೆ. ಮಣ್ಣಿನ ಗೋಡೆಯ ಮನೆಯಲ್ಲಿ ಮಲಗಿರುವವನ ನಿಘಂಟಿನಲ್ಲಿ ಅದು ಇದೆಯೆ?

ಬಣ್ಣದಂತೆಯೇ ವಿಶೇಷಣ. ನನ್ನ ತರಗತಿಯಲ್ಲಿ ಒಮ್ಮೆ ‘ಭಾರಿ ಮಳೆ’ ಎಂದರೆ ಎಷ್ಟು ಎಂದು ಕೇಳಿದೆ. ಹೊಲದ ಬದು ಒಡೆಯುವಷ್ಟು ಎಂದ ಹುಣಸೂರಿನ ಕಡೆಯ ಹುಡುಗ. ಬಸ್ಸು ತಡವಾಗುವಷ್ಟು ಎಂದಳು ಮೈಸೂರಿನ ಹುಡುಗಿ. ಮೂರು ದಿನ ಬಿಡದೆ ಹೊಯ್ದರೆ ಆಗ ಹೇಳಬಹುದು ಎಂದಳು ಸೋಮವಾರಪೇಟೆಯವಳು. ಮೂವರೂ ಸರಿಯೆ. ಹವಾಮಾನ ಇಲಾಖೆಗಾದರೋ ಇವು ಅಳತೆಯ ಮಾತುಗಳು: 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ ‘ಭಾರಿ’, 115.6ರಿಂದ ‘ಅತಿ ಭಾರಿ’, 204.4ನ್ನು ಮೀರಿದರೆ ‘ಅತ್ಯಂತ ಭಾರಿ’. ಕಾವ್ಯದಲ್ಲಿ ‘ಅತಿ’ಗೂ ‘ಅತ್ಯಂತ’ಕ್ಕೂ ಅಂತರ ಕಿವಿಗೆ ಬಿಟ್ಟದ್ದು, ಇಲ್ಲಿ ಅದು ಬದುಕು ಸಾವುಗಳಿಗೆ ಬಿಟ್ಟದ್ದು. 204 ಮಿಲಿಮೀಟರು ಎಂದರೆ ಒಂದು ಎಕರೆ ಇಳಿಜಾರಿನ ಮೇಲೆ ಒಂದೇ ದಿನದಲ್ಲಿ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರು. ಹಾಗೆ ಹೇಳಿದರೆ ಯಾವ ರೈತನಿಗೂ ಅರ್ಥವಾಗುತ್ತದೆ. ತುಂತುರು, ಸೋನೆ, ಜಡಿಮಳೆ, ಬಿರುಮಳೆ, ಕುಂಭದ್ರೋಣ ಎಂದು ಮಳೆಗೆ ಬಗೆಬಗೆಯ ಹೆಸರಿಟ್ಟ ಭಾಷೆ, ಜೀವ ಉಳಿಸುವ ಒಂದು ವಾಕ್ಯದ ಮುಂದೆ ಬಡವಾಗಬೇಕಾಗಿಲ್ಲ.

ನಮ್ಮ ರಾಜ್ಯದಲ್ಲಿ ಸಾಧನಗಳ ಕೊರತೆಯೆಂದು ಹೇಳುವಂತಿಲ್ಲ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲೆಂದು ಹುಟ್ಟಿದ ಸಣ್ಣ ಘಟಕವೊಂದು ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮಪಂಚಾಯಿತಿಗೆ ಒಂದರಂತೆ ಅದು ನಿಲ್ಲಿಸಿರುವ ಆರು ಸಾವಿರಕ್ಕೂ ಮಿಕ್ಕ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ತಮ್ಮ ಅಳತೆಯನ್ನು ತಾವೇ ಕಳಿಸುತ್ತವೆ. ‘ವರುಣಮಿತ್ರ’ ಎಂಬ ದೂರವಾಣಿಯಲ್ಲಿ ರೈತನು ಕನ್ನಡದಲ್ಲಿ ಕೇಳಿ ಕನ್ನಡದಲ್ಲಿ ಉತ್ತರ ಪಡೆಯಬಹುದು. ಸಿಡಿಲಿನ ಸುಳಿವು ಕೊಡುವ ‘ಸಿಡಿಲು’ ಆ್ಯಪ್‌ಗೆ ಆ ಅಚ್ಚಗನ್ನಡದ ಹೆಸರನ್ನಿಟ್ಟವರಿಗೆ ನಾನು ಮನಸಾರೆ ವಂದಿಸುತ್ತೇನೆ. ಆದರೂ 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಮಕ್ಕಂದೂರು, ಜೋಡುಪಾಲಗಳಲ್ಲಿ ಬೆಟ್ಟಗಳು ಜರಿದು ಜೀವಗಳೂ ತೋಟಮನೆಗಳೂ ಹೋದವು. ಮಳೆ ಇಷ್ಟೆಂದು ಅಳೆಯುವುದು ಬೇರೆ. ಈಗಾಗಲೇ ನೀರು ಕುಡಿದು ನೆನೆದಿರುವ ಈ ಮಗ್ಗುಲು, ಮನೆಗಾಗಿ ದಾರಿಗಾಗಿ ಬುಡ ಕಡಿದಿರುವ ಈ ದಿಣ್ಣೆ, ಇನ್ನೆಷ್ಟು ತಡೆದೀತು ಎಂದು ಹೇಳುವುದು ಬೇರೆ. ಎರಡನೆಯದು ಇನ್ನೂ ಎಳೆಯ ವಿದ್ಯೆ. ಎಳೆಯ ವಿದ್ಯೆಯ ಕೊರತೆಯನ್ನು ಸ್ಪಷ್ಟವಾದ ಮಾತು ತುಂಬಿಕೊಡಬೇಕು. ಜಿಲ್ಲೆಗೆ ಕಿತ್ತಳೆ ಎಂದರೆ ಸಾಲದು. “ಇಂದು ರಾತ್ರಿ ನಿಮ್ಮ ಬೆಟ್ಟದ ಮೇಲೆ ನಿನ್ನೆಯಷ್ಟೇ ಮಳೆ ಮತ್ತೆ ಬೀಳುವ ಸಂಭವವಿದೆ, ತೊರೆಯ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ಅಥವಾ ಮಳೆಯಲ್ಲಿಯೂ ಬತ್ತಿದರೆ, ಕಾಯಬೇಡಿ, ಶಾಲೆಯ ಕಟ್ಟಡಕ್ಕೆ ಬನ್ನಿ” ಎಂದು ಹೇಳಬೇಕು. ಸ್ಥಳ, ಕಾಲ, ಗುರುತು, ಮಾಡಬೇಕಾದ ಕೆಲಸ: ಈ ನಾಲ್ಕೂ ಇದ್ದರೆ ಮುನ್ಸೂಚನೆ ಮುನ್ನೆಚ್ಚರಿಕೆಯಾಗುತ್ತದೆ.

ಕೇಳುವ ಕಿವಿಗೂ ಶಿಕ್ಷಣ ಬೇಕು. ನೂರಕ್ಕೆ ಎಪ್ಪತ್ತು ಎಂದ ದಿನ ಮಳೆ ಬಾರದಿದ್ದರೆ ‘ಹವಾಮಾನದವರ ಸುಳ್ಳು’ ಎಂದು ನಗುವುದು ನಮಗೆ ವಾಡಿಕೆ. ಅವರು ಮೂವತ್ತನ್ನು ಉಳಿಸಿಕೊಂಡೇ ಹೇಳಿದ್ದರೆಂಬುದು ಮರೆತುಹೋಗುತ್ತದೆ. ಹತ್ತು ಸಲ ಊರು ಬಿಟ್ಟು ಏಳು ಸಲ ಸುಮ್ಮನೆ ಹಿಂದಿರುಗಿದವನಿಗೆ ಬೇಸರವಾಗುವುದು ಸಹಜ. ಆ ಏಳು ಸಲದ ಕೂಲಿಯನ್ನೂ ಊಟವನ್ನೂ ಸರ್ಕಾರ ಹೊತ್ತುಕೊಂಡರೆ ಎಂಟನೆಯ ಸಲವೂ ಅವನು ಹೊರಡುತ್ತಾನೆ. ಇದು ಅಧಿಕಾರಿಗಳು ಯೋಚಿಸಬೇಕಾದ ಮಾತು. ಅಧ್ಯಾಪಕರು ಯೋಚಿಸಬೇಕಾದದ್ದು ಬೇರೆ. ಮಡಿಕೇರಿಯಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ಜಿ. ಟಿ. ನಾರಾಯಣರಾಯರು ನಕ್ಷತ್ರಗಳ ವಿಷಯವನ್ನು ಕನ್ನಡದಲ್ಲಿ ಸೊಗಸಾಗಿ ಹೇಳಬಹುದೆಂದು ತೋರಿಸಿಕೊಟ್ಟರು. ರೊದ್ದಂ ನರಸಿಂಹರ ತಂದೆ ಆರ್. ಎಲ್. ನರಸಿಂಹಯ್ಯನವರೂ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತ ಆಕಾಶವಿಜ್ಞಾನವನ್ನು ಕನ್ನಡಕ್ಕೆ ತಂದವರು. ಸಂಭವ, ನಿಶ್ಚಯ, ಸಂದೇಹ ಎಂಬ ಮಾತುಗಳನ್ನು ತೂಗಿ ಬಳಸುವ ಅಭ್ಯಾಸವನ್ನು ಮಾಡಿಸುವುದು ಭಾಷೆಯ ಪಾಠಕ್ಕೆ ಹೊರತಾದದ್ದೇನೂ ಅಲ್ಲ. ವಾರಕ್ಕೊಂದು ಹವಾವರದಿಯನ್ನು ತರಗತಿಗೆ ತಂದು, ನಿಮ್ಮ ಅಜ್ಜಿಗೆ ಅರ್ಥವಾಗುವಂತೆ ಇದನ್ನು ಬರೆಯಿರಿ ಎಂದು ಹೇಳಿದರೆ, ಅದು ಯಾವ ಪ್ರಬಂಧಕ್ಕೂ ಕಡಮೆಯಾದ ಅಭ್ಯಾಸವಾಗಲಾರದು.

ಮುಂಗಾರು ಪ್ರತಿವರ್ಷವೂ ಬರುತ್ತದೆ. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಕಡಮೆಯಾಗುತ್ತವೆ. ಎರಡನ್ನೂ ನೋಡುವ ಕಣ್ಣುಗಳನ್ನು ನಮ್ಮ ವಿಜ್ಞಾನಿಗಳು ಹಾಸನದಲ್ಲಿ, ಬೆಂಗಳೂರಿನಲ್ಲಿ, ಹದಿನೈದು ಲಕ್ಷ ಕಿಲೋಮೀಟರು ಆಚೆಯಲ್ಲಿಯೂ ತೆರೆದಿಟ್ಟಿದ್ದಾರೆ. ಅವರು ಕಂಡದ್ದನ್ನು ಘಟ್ಟದ ಕೊನೆಯ ಮನೆಯವನು ತನ್ನ ಮಾತಿನಲ್ಲಿ ಕೇಳಿ, ನಂಬಿ, ಹೊತ್ತಿಗೆ ಸರಿಯಾಗಿ ಹೊಸಿಲು ದಾಟುವಂತೆ ಮಾಡುವುದು ಇನ್ನೂ ಬಾಕಿಯಿದೆ. ಆ ಕೆಲಸ ವಿಜ್ಞಾನಿಗಳೊಬ್ಬರದೇ ಅಲ್ಲ.